ಕೊಂಡಿ ಇರುವ ಗಾಡಿ

ಗಜೇಂದ್ರಗಡದ ತಂಗಿಯ ಮನೆಯಲ್ಲಿ ಮುಮತಾಜಬಿ ಒಂದು ರಾತ್ರಿಯೂ ಉಳಿದವಳಲ್ಲ. ಉಳಿಯಲು ಜಾಗ ಇರಲಿಲ್ಲವೆಂದಲ್ಲ, ಕಾರು ಇತ್ತು. ತಂಗಿ ಕಮರುನ್ನಿಸಾಳ ಗಂಡ ಮುನಾವರ ಹತ್ತಿ ವ್ಯಾಪಾರದಲ್ಲಿ ಕಾರು, ಡ್ರೈವರು ಎರಡನ್ನೂ ಸಂಪಾದಿಸಿದ್ದ. ಅಕ್ಕನ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಒಗ್ಗುವುದಿಲ್ಲವೆಂದು ತಂಗಿ ರೋಣಕ್ಕೆ ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದಳು. ಉಂಡು ಕೈ ಒರೆಸಿಕೊಳ್ಳುವಷ್ಟರಲ್ಲಿ, "ಆಪಾ, ಡ್ರೈವರ ಖಾಲಿನ ಕುಂತಾನ, ಲಗೂ ಬಿಟ್ಟ ಬರ್ತಾನ ನೋಡು" ಎಂಬ ಮಾತು ಬಂದೇ ಬರುತ್ತಿತ್ತು. ಪ್ರೀತಿಯಿಂದಲೇ ಬರುತ್ತಿತ್ತು. ಆದರೆ ಪ್ರೀತಿಯಿಂದ ಎಬ್ಬಿಸಿದರೂ ಎದ್ದವರು ಎದ್ದ ಹಾಗೆಯೇ.

ಹೀಗಾಗಿ ತಂಗಿಯ ಮಗಳು ಇಷ್ರತಳ ಮದುವೆ ಗೊತ್ತಾದಾಗ ಮುಮತಾಜಬಿ ಗಂಡನ ಮುಂದೆ ನಿಂತು ಹೇಳಿದಳು:

"ನಿಮ್ಮ ಷಡ್ಡಕಗ ಹೇಳಿಬಿಡ್ರಿ, ಕಾರ್ ಕಳಿಸೂದು ಬ್ಯಾಡ. ನಮ್ಮ ಸ್ವಂತ ಗಾಡ್ಯಾಗ ಬರ್ತೀವಿ. ಬರೂದೂ ನನ್ನ ಖುಷಿ, ಹೋಗೂದೂ ನನ್ನ ಖುಷಿ."

"ಸ್ವಂತ ಗಾಡಿ ಎಲ್ಲೈತಿ?" ಎಂದ ಮೋದಿನಸಾಬ.

"ಇಲ್ಲ. ಮಾಡ್ರಿ."

ಮೋದಿನಸಾಬ ಟ್ರಂಕು ಮಾಡುವವನು. ರೋಣದ ಸುತ್ತಲಿನ ಹಳ್ಳಿಗಳಲ್ಲಿ ಗಂಡನ ಮನೆಗೆ ಹೋದ ಹೆಣ್ಣುಮಕ್ಕಳ ಹಿಂದೆ ಅವನ ಟ್ರಂಕುಗಳೂ ಹೋಗಿದ್ದವು, ಗುಲಾಬಿ ಹೂ ಬರೆಸಿಕೊಂಡು. ಈಗ ಕಾಲ ತಿರುಗಿ ಎಲ್ಲರೂ ಕಪಾಟು ಕೊಡತೊಡಗಿದ್ದರು. 'ಮಾಡ್ರಿ' ಎಂಬ ಶಬ್ದ ಕಿವಿಗೆ ಬೀಳದೆ ಬಹಳ ದಿನವಾಗಿದ್ದ ಅವನು ಏನು, ಎತ್ತ ಎಂದು ಕೇಳದೆ ತಗಡು ಹಾಸಿಯೇಬಿಟ್ಟ.

ಮನೆ ಮಂದಿಯೆಲ್ಲ ಕೈಹಾಕಿದರು. ಮಗ ಬಾಷಾ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿಯವನು. ಯಾರೋ ಬಿಟ್ಟುಹೋಗಿದ್ದ ಬ್ಯಾಟರಿ ಸ್ಕೂಟರಿನ ಮೋಟಾರು ತಂದ. ಮುಶಿಗೇರಿಯ ಗೆಳೆಯ ಲಕ್ಷ್ಮಪ್ಪ ತನ್ನ ಹೊಲದ ಪಂಪಿನಿಂದ ಬಿಚ್ಚಿಟ್ಟ ಸೋಲಾರ್ ಪ್ಲೇಟನ್ನೂ, ಟ್ರ್ಯಾಕ್ಟರಿನ ಮುದಿ ಬ್ಯಾಟರಿಯನ್ನೂ ಕೊಟ್ಟು, "ಪ್ಲೇಟ್ ಚಲೋ ಐತಿ, ಬ್ಯಾಟರಿ ಮನಸ ಬಂದ್ರ ದುಡೀತೈತಿ" ಎಂದು ಆಶೀರ್ವದಿಸಿದ. ಸೊಸೆ ಜಬೀನ ಹಳೆಯ ಸೋಫಾದ ಹೊಟ್ಟೆ ಬಗೆದು ಕೂರುವ ಗಾದಿ ಹೊಲಿದಳು. ಮುಮತಾಜಬಿಯ ಕೆಲಸ ಅಳತೆ ಕೊಡುವುದು.

ಮೋದಿನಸಾಬ ಟ್ರಂಕಿನ ಅಳತೆಯನ್ನು ಜೀವನವಿಡೀ ಹಾಸಿಗೆಯ ಲೆಕ್ಕದಲ್ಲೇ ಹಿಡಿದವನು. ಹೆಂಡತಿಯನ್ನು ಸುತ್ತುಹಾಕಿ ನೋಡಿ, "ಎರಡ ಗಾದಿ, ಒಂದ ರಜಾಯಿ" ಎಂದು ಮಗನಿಗೆ ಕೂಗಿ ಹೇಳಿದ.

"ರಜಾಯಿ ಯಾರದು?" ಎಂದಳು ಮುಮತಾಜಬಿ.

"ಅದು ಮೊಣಕಾಲ ಚಾಚಾಕ."

ಮುಂದೆ ಸ್ಕೂಟರಿನ ಮೂತಿ, ಒಂದು ಗಾಲಿ, ಮೋದಿನಸಾಬ ಕೂತು ನಡೆಸಲು ಒಂದು ಸೀಟು. ಹಿಂದೆ ಎರಡು ಗಾಲಿಯ ಮೇಲೆ ಮುಮತಾಜಬಿಯ ಡಬ್ಬಿ. ಅದಕ್ಕೆ ಮುಚ್ಚಳ, ಮುಚ್ಚಳದ ಮೇಲೆ ಸೋಲಾರ್ ಪ್ಲೇಟು. ಪಕ್ಕದ ತಗಡಿಗೆ ಗಾಳಿಯಾಡಲು ಹೂವಿನಾಕಾರದ ತೂತುಗಳು. ಎಲ್ಲ ಮುಗಿದ ಮೇಲೆ ಜಬೀನ ಸುತ್ತ ತಿರುಗಿ ನೋಡಿದಳು.

"ಮಾಮಾ, ಕೊಂಡಿ ಹೊರಗ ಐತಲ್ರಿ?"

"ಕೊಂಡಿ ಒಳಗ ಇದ್ರ ಅದಕ್ಕ ಟ್ರಂಕ ಅಂತಾರೇನವಾ?"

"ನಾವು ಗಾಡಿ ಮಾಡಾಕತ್ತೀವ್ರಿ."

ಮೋದಿನಸಾಬ ಸುತ್ತಿಗೆ ಕೆಳಗಿಟ್ಟು ಯೋಚಿಸಿದ. ಅವಳ ಮಾತಿನಲ್ಲಿ ಹುರುಳಿತ್ತು. "ಹೌದು, ಗಾಡಿನ," ಎಂದ ಕೊನೆಗೆ. "ಕೊಂಡಿ ಇರೂ ಗಾಡಿ." ಕೊಂಡಿ ಹೊರಗೇ ಉಳಿಯಿತು. ಆಮೇಲೆ ಅವನು ಕುಂಚ ಹಿಡಿದ. ಕುಂಚ ತನಗೆ ಗೊತ್ತಿದ್ದನ್ನು ಬರೆಯಿತು: ನಾಲ್ಕು ಮೂಲೆಗೆ ಗುಲಾಬಿ, ನಡುವೆ 'ಶಾದಿ ಮುಬಾರಕ'.

"ನನಗ್ಯಾಕ ಈಗ ಶಾದಿ ಮುಬಾರಕ?" ಎಂದಳು ಮುಮತಾಜಬಿ.

"ಹೊಂಟಿದ್ದು ಮದವಿಗಲ್ಲೇನ?" ಎಂದ ಅವನು.

ಮದುವೆಯ ದಿನ ಬೆಳಿಗ್ಗೆ ಓಣಿಯೆಲ್ಲ ಬಾಗಿಲಿಗೆ ಬಂತು. ಮುಮತಾಜಬಿ ಜರದ ಸೀರೆಯುಟ್ಟು, ಸಿಹಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಮುಚ್ಚಳ ಪೂರಾ ತೆರೆದು ಕೂತಳು. ಎದುರುಮನೆಯ ವೆಂಕೂಬಾಯಿ ಗಲ್ಲಕ್ಕೆ ಕೈಹಚ್ಚಿ, "ಅಯ್ಯ, ಕುಂಡದಾಗ ತುಳಸಿ ನಟ್ಟಂಗ ಕಾಣ್ತೀರಿ ನೋಡ್ರಿ ಮುಮತಾಜಬಿ" ಎಂದಳು. ಅವಳ ಬಾಯಲ್ಲಿ ಅದು ಹೊಗಳಿಕೆಯೇ ಎಂದು ಮುಮತಾಜಬಿಗೆ ಗೊತ್ತಿತ್ತು.

"ಅಮ್ಮಾ, ಮುಚ್ಚಳ ಮುಚ್ಚು," ಎಂದ ಬಾಷಾ. ಅವನೂ ಜಬೀನಳೂ ಮೋಟರ್ ಸೈಕಲ್ಲಿನ ಮೇಲೆ ಹಿಂದೆ ಬರುವವರು. "ಪ್ಲೇಟಿಗೆ ಬಿಸಲ ಬೀಳಬೇಕು."

"ಮುಚ್ಚಿದ್ರ ನಾ ಯಾರಿಗೆ ಕಾಣಬೇಕು?"

ಬ್ಯಾಟರಿಯಲ್ಲಿದ್ದಷ್ಟು ದೂರ ಆಕೆ ಎಲ್ಲರಿಗೂ ಕಂಡಳು. ಬಸ್ಸಿನವರು ಕಿಟಕಿಯಿಂದ ಕತ್ತು ಹೊರಹಾಕಿದರು. ಎಮ್ಮೆ ಹೊಡೆದುಕೊಂಡು ಹೊರಟವನು ದಾರಿ ಬಿಟ್ಟು, ಎಮ್ಮೆಗೂ ಬಿಡಿಸಿದ. ರಾಜೂರ ಹತ್ತಿರವಾಗುತ್ತಿದ್ದಂತೆ ಲಕ್ಷ್ಮಪ್ಪನ ಬ್ಯಾಟರಿಯ ಮನಸ್ಸು ಮುರಿಯಿತು. ಗಾಡಿ ನಿಟ್ಟುಸಿರಿಟ್ಟು ನಿಂತಿತು.

ಬಾಷಾ ಇಳಿದು ಬಂದ. "ಇನ್ನ ಬಿಸಲಿನ ಮ್ಯಾಲ ನಡೀಬೇಕಮ್ಮಾ. ಮುಚ್ಚಿದ್ರ ಹೊಕ್ಕೈತಿ, ತಗದ್ರ ನಿಂದರತೈತಿ."

ತೆರೆದರೆ ಕಾಣುವುದು, ಆದರೆ ಮುಟ್ಟುವುದಿಲ್ಲ; ಮುಚ್ಚಿದರೆ ಮುಟ್ಟುವುದು, ಆದರೆ ಕಾಣುವುದಿಲ್ಲ. ದೊಡ್ಡ ದೊಡ್ಡ ಸಂತರು ತಲೆಕೆಡಿಸಿಕೊಂಡ ಈ ಪ್ರಶ್ನೆಯನ್ನು ಮುಮತಾಜಬಿ ರಾಜೂರಿನ ಡಾಂಬರು ರಸ್ತೆಯ ಮೇಲೆ ಬೇಗನೇ ಬಗೆಹರಿಸಿದಳು. "ಮನೀ ಮುಂದ ಹೋಗಿಂದ ತಗೀಬೇಕು ಮತ್ತ," ಎಂದು ಗಂಡನಿಂದ ಮಾತು ತೆಗೆದುಕೊಂಡು ತಲೆ ಬಗ್ಗಿಸಿದಳು. ಜಬೀನಳ ಗಾದಿ ಮೆತ್ತಗಿತ್ತು. ತಗಡಿನ ಹೂವಿನ ತೂತುಗಳಲ್ಲಿ ಗುಡ್ಡದ ಮೇಲಿನ ಗಾಳಿಫ್ಯಾನುಗಳು ಒಂದೊಂದೇ ಎಸಳಿಗೆ ಒಂದೊಂದು ರೆಕ್ಕೆಯಾಗಿ ಕಂಡವು. ರಸ್ತೆಯ ತಗ್ಗೊಂದರಲ್ಲಿ ಗಾಡಿ ಕುಪ್ಪಳಿಸಿದಾಗ ಹೊರಗೆ ಟಣ್ ಎಂದು ಸದ್ದಾಯಿತು. ಕೊಂಡಿ ತಾನಾಗಿ ಸಿಕ್ಕಿಕೊಂಡಿತ್ತು. ಮೋದಿನಸಾಬನ ಕೊಂಡಿಗಳು ಎಂದೂ ಸಡಿಲವಾದದ್ದಿಲ್ಲ.

ಊರು ಹೊಕ್ಕೊಡನೆ ಬಾಷಾ, ಜಬೀನ ಮುಂದೆ ಹೋಗಿ ಮೋಟರ್ ಸೈಕಲ್ಲು ನಿಲ್ಲಿಸಲು ಜಾಗ ಹುಡುಕತೊಡಗಿದರು. ಗಾಡಿ ಮುನಾವರನ ಮನೆಯ ಮುಂದಿನ ಶಾಮಿಯಾನದ ನೆರಳು ಹೊಕ್ಕಿತು. ನೆರಳು ಹೊಕ್ಕಿದ್ದೇ ತಡ, ನಿಂತಿತು. ಮೋದಿನಸಾಬ ಇಳಿದ. ವಯಸ್ಸಿಗೆ ಬಂದಾಗಿನಿಂದ ಅವನು ಮದುವೆ ಮನೆಗಳಿಗೆ ಟ್ರಂಕು ಮುಟ್ಟಿಸಿದವನು. ಬಾಗಿಲ ಮುಂದೆ ಟ್ರಂಕು ಇಳಿಸುವುದು, ಕೈ ತೊಳೆಯುವುದು, ಗಂಡಸರು ಕೂತ ಕಡೆ ಹೋಗಿ ಚಹಾ ಕುಡಿಯುವುದು ಅವನ ಪದ್ಧತಿ. ಶಾಮಿಯಾನ, ಅತ್ತರು, ಬಿರಿಯಾನಿಯ ಹೊಗೆ ಎಲ್ಲ ಇದ್ದವು. ಮುಂದೆ ಟ್ರಂಕು ಇತ್ತು. ಅವನು ಕೈ ತೊಳೆದು ಚಹಾಕ್ಕೆ ಹೋದ.

"ಏನ್ರಿ," ಎಂದಳು ಒಳಗಿಂದ ಮುಮತಾಜಬಿ. ಬ್ಯಾಂಡಿನವರು ಅದೇ ಹೊತ್ತಿಗೆ ಶುರುಮಾಡಿದರು.

ಹೆಂಗಸರು ಸೇರಿದರು. "ಯಾರು ಕಳಿಸಿದ್ದ ಇದು?" "ಶಾದಿ ಮುಬಾರಕ ಅಂತ ಐತಿ. ರೋಣದ್ದ ಇರಬೇಕು." ನಾಲ್ಕಾರು ಜನ ಗಂಡಸರು ಬಂದು ಹೆಣ್ಣುಮಕ್ಕಳ ಕೋಣೆಗೆ, ಕಾಣಿಕೆಗಳನ್ನು ಜೋಡಿಸಿದ್ದಲ್ಲಿಗೆ, ಗಾಡಿಯನ್ನು ನೂಕಿದರು.

"ಭಾಳ ವಜ್ಜಿ ಐತಿ. ಒಳಗ ತಾಂಬ್ರದ ಹಂಡೆ ಅದಾವೇನೋ."

"ಟ್ರಂಕಿಗೆ ಗಾಲಿ ಯಾಕ?" ಎಂದಿತು ಒಂದು ಎಳೆಯ ದನಿ.

"ಈಗ ಸೂಟಕೇಸಿಗೆಲ್ಲ ಗಾಲಿ ಇರಂಗಿಲ್ಲೇನ?" ಎಂದು ತಿಳಿಹೇಳಿದ ಮುದಿದನಿ ಗುಲ್ಷನಳದು, ಬೀಗರ ಕಡೆಯ ಹಿರಿಯಳದು.

"ಮುಂದ ಹ್ಯಾಂಡಲ್?"

"ಜಗ್ಗಾಕ."

"ಮ್ಯಾಲ ಕನ್ನಡಿ ಕರ್ರಗ ಐತಿ."

"ಅದು ಫ್ಯಾಶನ್ನು."

ಒಳಗೆ ಮುಮತಾಜಬಿ ಬೆವರುತ್ತ ಯೋಚಿಸಿದಳು. ಕೂಗಿದರೆ ಬೀಗರ ಹೆಂಗಸರೆದುರು ಹಂಡೆಯ ಬದಲು ತಾನು ಹೊರಬೀಳಬೇಕು. ಸುಮ್ಮನಿದ್ದರೆ ಗಂಡನ ಚಹಾ ಎಂದಾದರೂ ಮುಗಿದು ಅವನು ಕೊಂಡಿ ತೆಗೆದರೆ, ತಾನು ಹಿತ್ತಲ ಕಡೆ ಇಳಿದು, ಮರ್ಯಾದೆಯಿಂದ ಮುಂಬಾಗಿಲಿಗೆ ಬರಬಹುದು. ಸುಮ್ಮನಿರುವುದೆಂದು ನಿಶ್ಚಯಿಸಿದಳು. ಅಷ್ಟರಲ್ಲಿ ಮುಚ್ಚಳದ ಪಕ್ಕದಲ್ಲೇ ಕಮರುನ್ನಿಸಾಳ ಬಳೆಗಳ ಸದ್ದಾಯಿತು.

"ನಮ್ಮ ಆಪಾ ಟ್ರಂಕ ಕಳಿಸ್ಯಾಳ, ತಾ ಬಂದಿಲ್ಲ," ಎಂದಳು ತಂಗಿ. ಮೂಗು ಸೊರ್ರೆಂದಿತು. "ಕಾರ್ ಬ್ಯಾಡ ಅಂದಾಗನ ನನಗ ಗೊತ್ತಾತು. ನಮ್ಮ ಮನ್ಯಾಗ ಆಕಿಗೆ ಬ್ಯಾಸರ. ಬಂದಾಗೊಮ್ಮೆ ಬಾಗಲಾ ನೋಡ್ಕೋಂತನ ಕುಂದರತಿದ್ಲು. ಹೋಗಾಕ ಅವಸರ ಐತೇನೋ ಅಂತ ನಾನ ಡ್ರೈವರಗ ಹೇಳತಿದ್ದೆ. ಒಂದ ದಿನಾನೂ ಇರ್ತೀನಿ ಅನಲಿಲ್ಲ ನೋಡ್ರಿ ಆಕಿ."

ಬಾಗಿಲು ನೋಡುತ್ತಿದ್ದುದು ಖರೇ. ಡ್ರೈವರು ಬಂದನೇನೋ ಎಂದು ನೋಡುತ್ತಿದ್ದಳು.

"ಏ ಕಮರೂ," ಎಂದಿತು ಟ್ರಂಕು. "ಕೊಂಡಿ ತಗೀ."

ಶರಬತ್ತಿನ ತಾಟು ಬಿತ್ತು. ಗುಲ್ಷನ ದೇವರ ಹೆಸರು ಹೇಳಿ ಕಿಟಕಿಗೆ ಆನಿಕೊಂಡಳು. ಕಮರುನ್ನಿಸಾ ಮಾತ್ರ, ಆ ದನಿ ಸಣ್ಣಂದಿನಿಂದ ಬೈದುದನ್ನು ಕೇಳಿ ಬೆಳೆದವಳಾದ್ದರಿಂದ, ಹೇಳಿದಷ್ಟು ಮಾಡಿದಳು. ಮುಮತಾಜಬಿ ಎದ್ದು ನಿಂತಳು. ರೋಣದಲ್ಲೇ ತಯಾರಿಸಿಟ್ಟುಕೊಂಡ ಮಾತು ಒಂದಿತ್ತು. ಇಷ್ಟು ಜನರೆದುರು ಹೇಳುವ ಅವಕಾಶ ಮತ್ತೆ ಸಿಗುವುದಿಲ್ಲ.

"ಸ್ವಂತ ಗಾಡ್ಯಾಗ ಬಂದೇನಿ."

"ಎಲ್ಲೈತಿ ಗಾಡಿ?" ಎಂದಳು ತಂಗಿ, ಅಳುತ್ತಲೇ.

"ಇದರಾಗ ನಿಂತೇನಲ್ಲ, ಕಾಣವಲ್ದೇನ?"

ಮೋದಿನಸಾಬ ಚಹಾದ ಕಪ್ಪು-ಬಸಿ ಹಿಡಿದುಕೊಂಡೇ ಬಾಗಿಲಲ್ಲಿ ಇಣುಕಿದ. ಹೆಂಡತಿಯನ್ನು ಕಂಡು, "ಹಾಂ, ಮುಟ್ಟಿದೀ?" ಎಂದು ಸಮಾಧಾನಪಟ್ಟು ಹೊರಟುಹೋದ.

ನಿಕಾಹ ಆಯಿತು, ಊಟವಾಯಿತು, ಸಂಜೆಗೆ ಇಷ್ರತಳನ್ನು ಕಳಿಸಿಕೊಟ್ಟರು. ಮನೆ ಒಮ್ಮೆಲೇ ದೊಡ್ಡದಾಯಿತು. ಕಮರುನ್ನಿಸಾ ಕಣ್ಣೊರೆಸಿಕೊಂಡು ಬಂದು, ಬಾಯಿಗೆ ಬಂದ ಡ್ರೈವರನ ಮಾತನ್ನು ಅಲ್ಲಿಯೇ ನುಂಗಿದಳು.

"ಯಾವಾಗ ಹೊರಡ್ತಿ ಆಪಾ?"

"ಬಿಸಲ ಬಿದ್ದಾಗ. ನನ್ನ ಗಾಡಿ ನನ್ನ ಮಾತ ಕೇಳಂಗಿಲ್ಲ, ಬಿಸಲಿನ ಮಾತ ಕೇಳತೈತಿ."

ಮರುದಿನ ಗುಡ್ಡದ ಮೇಲೆ ಮೋಡ ಕವಿದಿತ್ತು. ಮೋದಿನಸಾಬ, ಬಾಷಾ, ಮುನಾವರ ಮೂವರೂ ಅಂಗಳದಲ್ಲಿ ನಿಂತು ಆಕಾಶದ ಬಗ್ಗೆ ಚರ್ಚಿಸಿದರು. ಬಾಷಾನ ಅಂಗಡಿ ಮುಚ್ಚಿತ್ತು. ಅವನೂ ಜಬೀನಳೂ ಮಧ್ಯಾಹ್ನ ಮೋಟರ್ ಸೈಕಲ್ಲು ಹತ್ತಿದರು. ಒಳಗೆ ಅಕ್ಕತಂಗಿಯರು ತಮ್ಮ ಸತ್ತ ಸೋದರತ್ತೆಯನ್ನು ಬಾಯಿ ನೋಯುವವರೆಗೆ ಆಡಿಕೊಂಡರು.

ಅದರ ಮರುದಿನ ಮಾತ್ರ ಬಿಸಿಲು ಚುರ್ರೆಂದು ಬಂತು. ಮೋದಿನಸಾಬ ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿ, ಕೈ ತೊಳೆದು, ರೂಢಿಯಂತೆ ಚಹಾಕ್ಕೆ ಹೋದ. ಅವನು ತಿರುಗಿ ಬರುವಷ್ಟರಲ್ಲಿ ಕಮರುನ್ನಿಸಾ ಮದುವೆಯಲ್ಲಿ ಹಾಸಿದ್ದ ಜಮಖಾನೆಯನ್ನು ತೊಳೆದು, ತೊಯ್ದದ್ದನ್ನು ತೊಯ್ದಂತೆಯೇ ಗಾಡಿಯ ಮುಚ್ಚಳದ ಮೇಲೆ ಹರವಿದ್ದಳು.

"ಏ ಕಮರುನ್ನಿಸಾ, ಪ್ಲೇಟಿನ ಮ್ಯಾಲ ಹಾಕೀಯಲ್ಲವಾ!" ಎಂದ ಮೋದಿನಸಾಬ ಗಾಬರಿಯಾಗಿ.

"ಬಿಸಲ ಇರೂದ ಅಲ್ಲಿ. ಮತ್ತೆಲ್ಲಿ ಹಾಕಬೇಕ್ರಿ?" ಎಂದಳು ಆಕೆ, ಅವನ ಕಡೆ ನೋಡದೆ. "ಒಣಗೂತನ ಎಬ್ಬಸಬ್ಯಾಡ್ರಿ."

ಅವನು ನ್ಯಾಯ ಕೇಳುವವನಂತೆ ಕಟ್ಟೆಯ ಮೇಲೆ ಕೂತ ಹೆಂಡತಿಯ ಕಡೆ ತಿರುಗಿದ. ಮುಮತಾಜಬಿ ಗಾಡಿಯನ್ನು ನೋಡುತ್ತಿದ್ದಳು. ಜಮಖಾನೆಯ ಒಂದು ಮೂಲೆ ಸರಿದು, ಅಂಗೈಯಗಲ ಪ್ಲೇಟು ಬಿಸಿಲಿಗೆ ಮಿಂಚುತ್ತಿತ್ತು. ಆಕೆ ಮೊಣಕಾಲು ಹಿಡಿದುಕೊಂಡು ಎದ್ದಳು, ನಿಧಾನಕ್ಕೆ ಮೆಟ್ಟಿಲಿಳಿದು ಹೋದಳು, ಮತ್ತು ಆ ಮೂಲೆಯನ್ನು ಎಳೆದು ಮುಚ್ಚಿದಳು.