ಕುಂಕುಮ ಒರೆಸಿದ ವಿಡಿಯೊ

ತರೀಕೆರೆಯ ಚಿಕ್ಕಮ್ಮ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಯಾರು ತೀರಿಕೊಂಡರೆಂದು ಸರ್ವಮಂಗಳಾಳಿಗೆ ಮೊದಲು ತಿಳಿಯಲೇ ಇಲ್ಲ.

"ಬಸವೇಶ ಹೋಗ್ಬಿಟ್ಟನಂತಲ್ಲೇ ಮಗಾ! ಒಂದು ಮಾತು ಹೇಳ್ಬಾರ್ದಿತ್ತಾ? ಮಣ್ಣಿಗಾದ್ರೂ ಬರ್ತಿದ್ವಲ್ಲ!"

ಸರ್ವಮಂಗಳಾ ಹಿತ್ತಿಲ ಕಡೆ ನೋಡಿದಳು. ಗಂಡ ಬಸವೇಶ ಕೆನ್ನೆ ತುಂಬ ನೊರೆ ಬಳಿದುಕೊಂಡು, ಬಾವಿಕಟ್ಟೆಯ ಮೇಲೆ ಕನ್ನಡಿ ಆನಿಸಿ, ಗದ್ದ ಎತ್ತಿ ರೇಜರ್ ಎಳೆಯುತ್ತಿದ್ದ.

"ಚಿಕ್ಕಮ್ಮ, ಇಲ್ಲೇ ಗಡ್ಡ ಹೆರ್ಕೊಳ್ತಿದಾರೆ. ಯಾರು ಹೇಳಿದ್ರು ನಿಮಗೆ?"

"ನೀನೇ ಸಪ್ಪಗೆ ಕೂತಿರೋ ವಿಡಿಯೊ ಬಂದಿದೆ ಮಾರಾಯ್ತಿ, ಮೊಬೈಲಿಗೆ."

ವಿಡಿಯೊ ಯಾವುದೆಂದು ಅವಳಿಗೆ ಹೊಳೆಯಿತು. ಆದರೆ ಅದರಲ್ಲಿ ಸಾವೆಲ್ಲಿಂದ ಬಂತು?

ಎಲ್ಲ ಶುರುವಾಗಿದ್ದು ಬಸವೇಶನ ಕೆನ್ನೆಯಿಂದ. ನರಸಿಂಹರಾಜಪುರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ ಅವನಿಗೆ ಯಾವ ಕ್ರೀಮ್ ಹಚ್ಚಿ ಬೋಳಿಸಿಕೊಂಡರೂ ಮುಖದ ತುಂಬ ಕೆಂಪು ಗುಳ್ಳೆ ಏಳುತ್ತಿದ್ದವು. ಸರ್ವಮಂಗಳಾ ಬಿ.ಎಸ್ಸಿ ಓದಿದವಳು. ತೆಂಗಿನೆಣ್ಣೆ, ಹರಳೆಣ್ಣೆ, ಮುರುಗಲ ಬೀಜದ ತುಪ್ಪ ಸೇರಿಸಿ ಸೋಪು ಕಾಸತೊಡಗಿದಳು. ಎಷ್ಟೋ ಸಲ ಹಾಳಾಗಿ, ಒಂದು ದಿನ ಬೆಣ್ಣೆಯಂಥ ನೊರೆ ಎದ್ದಿತು. ಗುಳ್ಳೆ ನಿಂತವು. ಕೊಪ್ಪದಲ್ಲಿ ಲೇತ್ ಶೆಡ್ ನಡೆಸುತ್ತಿದ್ದ ಯೋಗೇಂದ್ರ ಪಂಪಿನ ಬಿಡಿಭಾಗ ಕೊಡಲು ಅಂಗಡಿಗೆ ಬಂದಾಗ ಆ ಸೋಪು ನೋಡಿದ. ಅವನು ತಾನೇ ಹಿತ್ತಾಳೆಯಲ್ಲಿ ಕಡೆದ, ಒಂದೇ ಬ್ಲೇಡಿನ ಭಾರವಾದ ರೇಜರ್ ಜೇಬಿನಿಂದ ತೆಗೆದು ಅದರ ಪಕ್ಕದಲ್ಲಿಟ್ಟ. "ಅಕ್ಕಾ, ಇವೆರಡೂ ಜೋಡಿ," ಅಂದ.

ಕಾರ್ಖಾನೆಗೆ ಹಾಕುವಷ್ಟು ಬಂಡವಾಳ ಇಬ್ಬರಲ್ಲೂ ಇರಲಿಲ್ಲ. ವಸ್ತು ತಯಾರಾಗುವ ಮೊದಲೇ ಜನರಿಂದ ಹಣ ಕೂಡಿಸಿ, ಆಮೇಲೆ ಮಾಡಿ ಅವರವರ ಮನೆಗೆ ಕಳಿಸುವ ಕ್ರೌಡ್‌ಫಂಡಿಂಗ್ ದಾರಿ ತೋರಿಸಿದವನು ಯೋಗೇಂದ್ರನೇ. ಅಂತರ್ಜಾಲದ ಪುಟಕ್ಕೆ ಇಬ್ಬರೂ ಒಡೆಯರು. ವಿಡಿಯೊ ಮಾಡಿಸುವ ಕೆಲಸ ಮಾತ್ರ ಅವನದು. ಮಂಗಳೂರಿನಿಂದ ಮೂವರನ್ನು ಕರೆತಂದಿದ್ದ.

ಅವಳೀಗ ಅಡುಗೆಮನೆಯ ಮಣೆಯ ಮೇಲೆ ಕೂತು ಅದನ್ನು ಮೊದಲ ಸಲ ನೋಡಿದಳು. ಹಳೇ ಸೀರೆಯಲ್ಲಿ ಅವಳು ಕಿಟಕಿಯಾಚೆ ನೋಡುತ್ತಿದ್ದಾಳೆ. ಬೋಳು ಹಣೆ. ಹಿಂದಿನಿಂದ ಇಂಗ್ಲಿಷಿನಲ್ಲಿ ಒಂದು ಗಂಡಸಿನ ಧ್ವನಿ, ಕೆಳಗೆ ಕನ್ನಡದ ಸಾಲು: "ಗಂಡನ ಅಗಲಿಕೆಯ ನಂತರ, ಅವನ ಗಡ್ಡಕ್ಕೆಂದು ಕಾಸುತ್ತಿದ್ದ ಸೋಪೇ ಈ ಮಲೆನಾಡಿನ ಹೆಣ್ಣುಮಗಳ ಆಸರೆಯಾಯಿತು."

ಶೂಟಿಂಗ್ ದಿನದ್ದೆಲ್ಲ ನೆನಪಾಯಿತು. ಸೋಪಿಗೆ ಹಾಕೋ ಕಾಸ್ಟಿಕ್ ಸೋಡಾ ಹಾರುತ್ತೆ ಮೇಡಂ, ಹಳೇ ಸೀರೆ ಉಡಿ ಅಂದಿದ್ದರು. ತಾಳಿ ಲೈಟಿಗೆ ಹೊಳೆಯುತ್ತೆ, ಒಳಗೆ ಹಾಕ್ಕೊಳ್ಳಿ ಅಂದಿದ್ದರು. ಆಮೇಲೆ ಕ್ಯಾಮೆರಾ ಹಿಡಿದವನು ಬಹಳ ವಿನಯದಿಂದ, ಹಣೆಯ ವಿಭೂತಿ ಕುಂಕುಮವೂ ಮಿಂಚುತ್ತವೆ, ಒಂದೇ ನಿಮಿಷ ಒರೆಸ್ಕೊಳ್ಳಿ ಅಂದಿದ್ದ. ಒರೆಸಿದ್ದು ಅವಳದೇ ಕೈ, ಅವಳದೇ ಸೆರಗು. ಅದು ನೆನಪಾದದ್ದೇ ಫೋನನ್ನು ಗಂಡನ ಮುಂದೆ ಚಾಚಿದಳು.

ಬಸವೇಶ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ನೋಡಿದ. ನೋಡಿ ಗಹಗಹಿಸಿ ನಕ್ಕ.

"ನಂಗೇ ಅಳು ಬರೋ ಹಂಗಿದೆಯಲ್ಲೇ! ಹೋಗ್ಲಿ ಬಿಡು ಮಂಗಳ. ಸತ್ತ ಅಂದ್ರೆ ಆಯಸ್ಸು ಹೆಚ್ಚಾಗುತ್ತಂತೆ. ಜನ ಬುಕ್ ಮಾಡ್ತಾ ಇದಾರಲ್ಲ, ನಡೀಲಿ."

"ನಿಮಗೆ ನಗು ಬರುತ್ತಾ?" ಅಂದಳು.

ಮುಂದಿನ ಬಸ್ಸಿಗೇ ಅವಳು ಕೊಪ್ಪಕ್ಕೆ ಹೋದಳು. ಯೋಗೇಂದ್ರ ಲೇತಿನ ಮುಂದೆ ಹಿತ್ತಾಳೆ ಸರಳು ಕಡೆಯುತ್ತಿದ್ದ. ಅವಳ ಮುಖ ಕಂಡವನೇ ಸ್ವಿಚ್ ಆರಿಸಿದ.

"ನನ್ನ ಗಂಡನ್ನ ಯಾವಾಗ ಸಾಯಿಸಿದ್ಯೋ?"

"ಅಕ್ಕಾ, ಕೂತ್ಕೊಳ್ಳಿ. ನೀರು ಕುಡೀರಿ ಮೊದ್ಲು."

"ಕೇಳಿದ್ದಕ್ಕೆ ಹೇಳು."

"ಬರೆದಿದ್ದು ಮಂಗಳೂರಿನವರು. ನಾನು ನೋಡ್ದೆ, ಸುಮ್ನಾದೆ. ಅಲ್ಲಾ ಅಕ್ಕಾ, ಬರೀ ರೇಜರ್ ತೋರಿಸಿ ಮೊದ್ಲೊಂದು ವಿಡಿಯೊ ಹಾಕಿದ್ವಲ್ಲ, ಅದನ್ನ ಯಾವನಾದ್ರೂ ಮೂಸಿ ನೋಡಿದ್ನಾ? ಸೋಪನ್ನ ಯಾರೂ ಕೊಳ್ಳಲ್ಲ ಮಾರಾಯ್ರೆ, ಕಥೆ ಕೊಳ್ತಾರೆ. ಮತ್ತೆ, ಸತ್ತ ಅಂತ ಎಲ್ಲಿ ಹೇಳಿದೀವಿ? ಅಗಲಿಕೆ ಅಂದ್ರೆ... ಊರಿಗೆ ಹೋದ್ರೂ ಅಗಲಿಕೇನೇ."

ತಪ್ಪಾಯಿತು ಅಂದಿದ್ದರೆ ಅವಳು ಬಹುಶಃ ಅಷ್ಟಕ್ಕೇ ಬಿಡುತ್ತಿದ್ದಳು. ಈ ಮಾತಿನ ಜಾಣತನ ಕೇಳಿ ಅವಳ ಕಿವಿಯೆಲ್ಲ ಬಿಸಿಯಾಯಿತು.

"ನಿನ್ನ ಹೆಂಡ್ತಿ ಹಣೆ ಒರೆಸಿ ಕೂರಿಸ್ಬೇಕಿತ್ತು. ಅವಳ ಕೈಲಿ ಯಾಕೆ ಮಾಡಿಸ್ಲಿಲ್ಲ?"

ಯೋಗೇಂದ್ರ ತಲೆ ತಗ್ಗಿಸಿದ. ಆದರೂ ಪಟ್ಟು ಬಿಡಲಿಲ್ಲ. "ಈಗ ತೆಗೆದ್ರೆ ಎಲ್ಲ ಮುಳುಗುತ್ತೆ. ಹಿತ್ತಾಳೆ ಬಂದು ಬಿದ್ದಿದೆ. ಹಣದ ಗುರಿ ಮುಟ್ಟೋವರೆಗೆ ಸುಮ್ನಿರಿ, ಆಮೇಲೆ ತೆಗೀತೀನಿ."

"ನೀನು ತೆಗೀಬೇಡ," ಅಂದಳು ಸರ್ವಮಂಗಳಾ. "ನಾನೇ ಇನ್ನೊಂದು ಹಾಕ್ತೀನಿ."

ಮರುದಿನ ಬೆಳಿಗ್ಗೆ ಬಸವೇಶನನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿದಳು. ತನ್ನ ಹಣೆ ತುಂಬ ವಿಭೂತಿ ಬಳಿದು, ದೊಡ್ಡದಾಗಿ ಕುಂಕುಮವಿಟ್ಟು, ಫೋನನ್ನು ಅಕ್ಕಿ ಡಬ್ಬಿಗೆ ಆನಿಸಿ ನಿಲ್ಲಿಸಿದಳು. ಬ್ರಷ್ಷಿನಲ್ಲಿ ನೊರೆ ಎಬ್ಬಿಸಿ ಗಂಡನ ಕೆನ್ನೆಗೆ ಹಚ್ಚಿ, ಯೋಗೇಂದ್ರನ ರೇಜರಿನಿಂದ ತಾನೇ ಬೋಳಿಸುತ್ತ ಮಾತಾಡಿದಳು.

"ಇವರು ನನ್ನ ಗಂಡ. ಸತ್ತಿಲ್ಲ, ಎಲ್ಲೂ ಹೋಗಿಲ್ಲ. ಆ ವಿಡಿಯೊದಲ್ಲಿ ಹೇಳಿದ್ದು ಸುಳ್ಳು, ನನ್ನ ಕೇಳದೆ ಹೇಳಿದ್ದು. ರೇಜರ್ ಚೆನ್ನಾಗಿದೆ, ಸೋಪು ಇನ್ನೂ ಚೆನ್ನಾಗಿದೆ. ಬೇಕಿದ್ದರೆ ಕೊಳ್ಳಿ. ಅಯ್ಯೋ ಪಾಪ ಅಂತ ದುಡ್ಡು ಹಾಕಿದ್ದರೆ ವಾಪಸ್ ತಗೊಳ್ಳಿ."

ಬಸವೇಶ ಉಸಿರು ಬಿಗಿಹಿಡಿದು ಕೂತಿದ್ದ. ಅದನ್ನು ಪುಟಕ್ಕೆ ಹಾಕಿ, ಹಳೆಯದನ್ನು ಕಿತ್ತೆಸೆದಳು.

ಬಹಳ ಜನ ಹಣ ಹಿಂದಕ್ಕೆ ಪಡೆದರು. ಮೋಸಗಾತಿ ಎಂದು ಬರೆದರು, ಮೋಸ ಬಯಲು ಮಾಡಿದವಳಿಗೇ. ಕೆಲವರು ಮಾತ್ರ, ಇಷ್ಟು ನೊರೆ ಬರುವ ಸೋಪಾದರೆ ನಮಗೂ ಇರಲಿ ಎಂದು ಹೊಸದಾಗಿ ಸೇರಿಕೊಂಡರು. ಏರುತ್ತ, ಇಳಿಯುತ್ತ, ಕೊನೆಗೆ ಗುರಿ ಹೇಗೋ ಮುಟ್ಟಿತು.

ಆ ನಡುವೆ ಬಸವೇಶ ಸಾಮಾನಿಗೆಂದು ಬಾಳೆಹೊನ್ನೂರಿಗೆ ಹೋದವನು ಕೆಂಡದಂಥ ಮುಖ ಹೊತ್ತು ತಿರುಗಿ ಬಂದ. ಎರಡೂ ವಿಡಿಯೊ ನೋಡಿದ್ದ ಪರಿಚಯದ ವ್ಯಾಪಾರಿಯೊಬ್ಬ ಚಾ ಕುಡಿಸಿ, ಮೆಲ್ಲಗೆ, "ತಪ್ಪು ತಿಳೀಬೇಡಿ, ನೀವು ಅವರ ಎರಡನೇ ಯಜಮಾನ್ರಾ?" ಎಂದು ಕೇಳಿದ್ದನಂತೆ.

"ಅವನ ಕಪಾಳಕ್ಕೆ ಬಿಡ್ಬೇಕು ಅನ್ನಿಸ್ತು," ಅಂದ.

"ಮೊನ್ನೆ ನಕ್ಕಿದ್ರಲ್ಲ," ಅಂದಳು ಅವಳು, ತಿರುಗಿ ನೋಡದೆ. ಅವನು, "ನಗಬಾರ್ದಿತ್ತು ನಾನು," ಅಂದ. ಆ ಸಂಜೆ ಮಾತ್ರ ಅವಳಿಗೆ ಅಳು ಬಂತು.

ಮಾತು ಕೊಟ್ಟಷ್ಟೂ ಸೋಪನ್ನು ಅವಳು ಕಾಸಿ, ಒಣಗಿಸಿ, ಮುಗಿಸಿದಳು. ಪೆಟ್ಟಿಗೆ ತುಂಬಿ ಕಳಿಸುವ ದಿನ ಕೊಪ್ಪದ ಶೆಡ್ಡಿನಲ್ಲಿ ಯೋಗೇಂದ್ರ ಸ್ವೀಟ್ ತರಿಸಿದ್ದ.

"ನೋಡಿ ಅಕ್ಕಾ, ಕೊನೆಗೂ ಗೆದ್ವಲ್ಲ! ನಿಮ್ಮ ವಿಡಿಯೊದಿಂದ ಒಳ್ಳೇದೇ ಆಯ್ತು. ಮುಂದಿನ ಸಲ ಅದನ್ನೇ ಕಥೆ ಮಾಡ್ಬೋದು. ಸಿಟ್ಟಿನ ಹೆಣ್ಣು, ಬದುಕಿರೋ ಗಂಡ. ಮಂಗಳೂರಿನ ಹುಡುಗರ ಹತ್ರ ಆಗ್ಲೇ ಮಾತಾಡಿದೀನಿ."

ಸರ್ವಮಂಗಳಾ ಕೈಯಲ್ಲಿದ್ದ ಪೆಟ್ಟಿಗೆಗೆ ಟೇಪ್ ಸುತ್ತಿ ಕೆಳಗಿಟ್ಟಳು.

"ಮುಂದಿನ ಸಲ ಇಲ್ಲ ಯೋಗೇಂದ್ರ. ಇದೇ ಕೊನೆ."

ಅವನು ನಗಲು ನೋಡಿದ. ಅವಳು ನಗಲಿಲ್ಲ.

"ಹಂಗಂದ್ರೆ ಹ್ಯಾಗೆ? ರೇಜರ್ ಜೊತೆ ಯಾವ ಸೋಪು ಕೊಡ್ಲಿ ನಾನು?"

"ಆ ಕಥೆ ಬರೆಯೋನನ್ನೇ ಕೇಳು. ನೊರೆ ಚೆನ್ನಾಗಿ ಎಬ್ಬಿಸ್ತಾನೆ."

ಸ್ವೀಟ್ ಮುಟ್ಟದೆ ಹೊರಟಳು. ಅವಳ ಚೀಲದಲ್ಲಿ ಉಳಿದಿದ್ದ ಒಂದಿಷ್ಟು ಸೋಪುಗಳಿದ್ದವು. ಶೃಂಗೇರಿಯ ಸೆಲೂನಿನ ಬೂತಪ್ಪ ತನ್ನ ಗಿರಾಕಿಗಳಿಗೆ ಹಚ್ಚಿ ನೋಡುತ್ತೇನೆಂದು ಕೇಳಿದ್ದ. ಅವಳು ಶೃಂಗೇರಿಯ ಬಸ್ಸು ಹತ್ತಿದಳು. ಟಿಕೆಟ್ ಕೊಡಲು ಬಂದ ಕಂಡಕ್ಟರನಿಗೂ ಗದರುವ ಧ್ವನಿಯಲ್ಲೇ ಊರು ಹೇಳಿದಳು. ಅವನು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ.