ಅರವತ್ತೊಂದನೆಯ ನಿಮಿಷ

ಬಾಗಿಲು ತೆರೆದವಳು ಸಿಮೋನಾ. ಒಂದು ಬೂಟು ಬಿಚ್ಚಿ, ಗೋಡೆಗೆ ಕೈಕೊಟ್ಟು ಒಂಟಿ ಕಾಲಲ್ಲಿ ನಿಂತಿದ್ದ ರಾದೊವಾನನಿಗೆ ಇನ್ನೊಂದು ಬೂಟಿನ ಲೇಸು ಬೆರಳಿಗೆ ಸಿಗದೆಹೋಯಿತು.

"ಅಮ್ಮಾ, ಕಿವಿ ಸಾಹೇಬ್ರು ಬಂದ್ರು!" ಅವಳು ಒಳಗೆ ಕೂಗಿ ಹೇಳಿದಳು. "ಡೈರೆಕ್ಟರ್ ಸಾಹೇಬ್ರು ಇನ್ನೂ ಮೆಟ್ಲು ಹತ್ತುತಾ ಇದಾರೆ, ಏದುಸಿರು ಕೇಳಿಸ್ತಿದೆ."

"ಲಿಫ್ಟು ಕೆಟ್ಟಿದೆ ಅಂತ ಮೊದ್ಲೇ ಹೇಳ್ಬಾರ್ದಾ ತಾಯಿ," ಎಂದು ಆರನೆಯ ಅಂತಸ್ತಿನ ತಿರುವಿನಿಂದ ಹಿನೆಕ್‌ನ ದನಿ ಬಂತು.

"ನೀನು ಇವತ್ತು ಹೋಟೆಲಲ್ಲಿ ಡ್ಯೂಟೀಲಿ ಇರ್ತೀಯ ಅಂದ್ಕೊಂಡಿದ್ದೆ," ಎಂದ ರಾದೊವಾನ್. ಸಿಮೋನಾ ಹತ್ತಿರದ ಊರಾದ ತೆಪ್ಲಿತ್ಸೆಯ ಒಂದು ಹೋಟೆಲಿನ ಸ್ವಾಗತ ಮೇಜಿನಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿತ್ತು.

"ರಜೆ ಹಾಕ್ದೆ. ನಮ್ಮಮ್ಮ ಹೀರೋಯಿನ್ ಆಗಿರೋ ಸಿನಿಮಾ, ನಾನು ನೋಡ್ಬೇಡ್ವಾ?" ಅವಳು ಅತಿಥಿಗಳ ಚಪ್ಪಲಿ ಜೊತೆಯೊಂದನ್ನು ಅವನ ಕಾಲ ಬಳಿಗೆ ತಳ್ಳಿದಳು.

ಅವನು ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿದ. ಬಾಗಿಲಿನಿಂದ ಮೂರನೆಯ ಗೂಟ. ಅದರಲ್ಲಿ ಸಿಮೋನಾಳ ತಾಯಿ ಯಾರ್ಮಿಲಾಳ ಬೂದು ಸ್ವೆಟರು ಇರಲಿಲ್ಲ, ಒಗೆಯಲು ಹಾಕಿರಬೇಕು. ಇಲ್ಲದಿದ್ದರೂ ಅವನಿಗೆ ಅದು ಅಲ್ಲೇ ಇದ್ದಂತೆ ಕಂಡಿತು.

ಹನ್ನೊಂದು ವರ್ಷಗಳಿಂದ ಈ ಇಬ್ಬರು ಗಂಡಸರು ಮೋಸ್ತ್ ಪಟ್ಟಣದ ಈ ಸಿಮೆಂಟ್ ಹಲಗೆಯ ಕಟ್ಟಡಕ್ಕೆ ಬರುತ್ತಿದ್ದರು. ಹಿನೆಕ್‌ನದು ಕ್ಯಾಮೆರಾ, ನಿರ್ದೇಶನ, ರಾದೊವಾನನದು ಧ್ವನಿ, ಅದಕ್ಕೇ ಈ ಮನೆಯಲ್ಲಿ ಅವನು 'ಕಿವಿ ಸಾಹೇಬ್ರು'. ಕುಡಿತದಲ್ಲಿ ಮುಳುಗಿದ್ದ ಒಬ್ಬ ತಾಯಿ, ಅವಳಿಂದ ಕಿತ್ತುಕೊಂಡು ಮಕ್ಕಳ ಆಶ್ರಮಕ್ಕೆ ಸೇರಿಸಿದ ಎಂಟು ವರ್ಷದ ಮಗಳು, ಕುಡಿತ ಬಿಟ್ಟು ಕೋರ್ಟಿನ ಮೆಟ್ಟಿಲು ಹತ್ತಿ ಎರಡು ವರ್ಷದಲ್ಲಿ ಮಗಳನ್ನು ಮನೆಗೆ ತಂದ ಅದೇ ತಾಯಿ. ವರ್ಷಕ್ಕೆ ಆರೇಳು ಸಲ ಬಂದು ಇವರು ಚಿತ್ರೀಕರಿಸುತ್ತಿದ್ದರು. ಹೀಗೆ ಒಂದೇ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸಿ ಸಾಕ್ಷ್ಯಚಿತ್ರ ಮಾಡುವುದು ಈ ದೇಶದ ಹಳೆಯ ಪದ್ಧತಿ; ರಾದೊವಾನ್ ಕಲಿತದ್ದೂ ಅದನ್ನೇ, ನಂಬಿದ್ದೂ ಅದನ್ನೇ. ಅವನಿಗೆ ತನ್ನದೇ ಒಂದು ನಿಯಮವಿತ್ತು. ಯಾರ್ಮಿಲಾಳ ಬಟ್ಟೆಗೆ ವೈರ್‌ಲೆಸ್ ಮೈಕನ್ನು ತಾನೇ ಸಿಕ್ಕಿಸುವುದು, ತಾನೇ ಬಿಚ್ಚುವುದು. ಬಿಚ್ಚಿದಾಗಲೆಲ್ಲ, "ಇನ್ನು ನಿಮ್ಮ ಮಾತು ನಿಮ್ದೇ," ಎನ್ನುವುದು. ಅವಳು ಪ್ರತಿಸಲವೂ ನಗುತ್ತಿದ್ದಳು.

ಕಳೆದ ಫೆಬ್ರವರಿಯಲ್ಲಿ ಒಂದು ದಿನ ಮಾತ್ರ ಆ ನಿಯಮ ತಪ್ಪಿತು. ಲಾಂಡ್ರಿಯ ಪಾಳಿ ಮುಗಿಸಿ ಯಾರ್ಮಿಲಾ ಮನೆಗೆ ಬರುವುದನ್ನು ಚಿತ್ರೀಕರಿಸಿ ಹಿನೆಕ್ ಊಟಕ್ಕೆ ಹೋಗಿದ್ದ. ಧ್ವನಿಯಲ್ಲಿ ಏನೋ ಗೊರಗೊರ ಸೇರುತ್ತಿದೆಯೆಂದು ರಾದೊವಾನ್ ಕೆಳಗಿನ ವ್ಯಾನಿನಲ್ಲಿ ಕುಳಿತು ತರಂಗಾಂತರ ಬದಲಿಸುತ್ತಿದ್ದ. ಮನೆಗೆ ಬಂದವಳು ಎಲ್ಲರೂ ಮಾಡುವಂತೆ ಮೊದಲು ಹೊರಗಿನ ಬಟ್ಟೆ ಕಳಚಿ ಮನೆಯ ಬಟ್ಟೆ ಹಾಕಿಕೊಂಡಳು. ಸ್ವೆಟರು ಹೊಸಿಲೊಳಗಿನ ಗೂಟಕ್ಕೆ ಹೋಯಿತು, ಮೈಕಿನ ಸಮೇತ. ಐದು ನಿಮಿಷದ ನಂತರ ಕೆಳಗಿನ ಮನೆಯ ಅವಳ ಅಕ್ಕ ಬ್ಲಾಂಕಾ ಬೋಗುಣಿ ಹಿಂತಿರುಗಿಸಲು ಬಂದಳು. ಅಕ್ಕತಂಗಿಯರು ಗೂಟಗಳ ಮುಂದೆಯೇ ನಿಂತು ಮಾತಾಡಿದರು.

ಮೈಕು ಅವಳ ಮೈಮೇಲಿಲ್ಲವೆಂದು ರಾದೊವಾನನಿಗೆ ಮೊದಲ ವಾಕ್ಯದಲ್ಲೇ ಗೊತ್ತಾಗಿತ್ತು. ಬಟ್ಟೆಗಳ ನಡುವೆ ನೇತಾಡುವ ಮೈಕಿಗೆ ಬರುವ ದನಿಯೇ ಬೇರೆ: ಮೇಲಿನ ಸ್ವರಗಳೆಲ್ಲ ಉಣ್ಣೆಯಲ್ಲಿ ಇಂಗಿ, ಬರಿಯ ಎದೆಯ ದನಿ ಉಳಿಯುತ್ತದೆ. ಯಂತ್ರ ನಿಲ್ಲಿಸುವ ಗುಂಡಿಯ ಮೇಲೆ ಅವನ ಹೆಬ್ಬೆರಳಿತ್ತು. ಎರಡು ನಿಮಿಷ ನಲವತ್ತು ಸೆಕೆಂಡು ಅದು ಅಲ್ಲೇ ಇತ್ತು, ಒತ್ತಲಿಲ್ಲ.

ಆಮೇಲೆ ಸಂಕಲನದ ಕೋಣೆಯಲ್ಲಿ ಹಿನೆಕ್ ಅದನ್ನು ಕೇಳಿ ಕುರ್ಚಿಯಿಂದ ಎದ್ದುನಿಂತಿದ್ದ. "ಇದು ಗೊತ್ತಿದ್ದೂ ಹೇಳಿದ್ದಾ? ಮೈಕ್ ಮೈಮೇಲಿತ್ತಾ?" ಎಂದು ಕೇಳಿದ್ದ. "ಇತ್ತು," ಎಂದಿದ್ದ ರಾದೊವಾನ್. ಮೂವತ್ತು ವರ್ಷದಲ್ಲಿ ತಾನು ಹಿಡಿದ ಧ್ವನಿಗಳಲ್ಲೆಲ್ಲ ಅಷ್ಟು ನಿಜವಾದದ್ದು ಇನ್ನೊಂದಿರಲಿಲ್ಲ. ಒಂದು ವಾರ ಕುಳಿತು ಆ ಮಂಕು ದನಿಯನ್ನು ತೊಳೆದು, ಪ್ರತಿ ಉಸಿರೂ ಕೇಳುವಂತೆ ಮಾಡಿದ. ಆ ಕೆಲಸ ಮಾಡುವಾಗ ತನಗಾದ ಸಂತೋಷವನ್ನು ಈಗ ಅವನು ನೆನೆಯಲು ಬಯಸುತ್ತಿರಲಿಲ್ಲ.

ಚಿತ್ರ ಚಲನಚಿತ್ರೋತ್ಸವಕ್ಕೆ ಹೋಗುವ ಮೊದಲು ಅದನ್ನು ಯಾರ್ಮಿಲಾ ನೋಡಬೇಕು, ಒಪ್ಪಿದೆನೆಂದು ಸಹಿ ಹಾಕಬೇಕು. ಇವತ್ತು ಬಂದದ್ದು ಅದಕ್ಕೆ. ಅವಳೊಬ್ಬಳೇ ನೋಡುತ್ತಾಳೆ, ಕೇಳುತ್ತಾಳೆ, ಬೇಡವೆಂದರೆ ಕತ್ತರಿಸಿದರಾಯಿತು ಎಂದು ಅವನು ಲೆಕ್ಕ ಹಾಕಿದ್ದ. ಮೊದಲೇ ಹೇಳಿಬಿಡೋಣವೆಂದು ಆ ವಾರ ಎರಡು ಸಲ ಫೋನು ಮಾಡಿ, ಎರಡು ಸಲವೂ ಹಿಮದ ವಿಷಯ ಮಾತಾಡಿ ಇಟ್ಟಿದ್ದ. ಮಗಳು ಪಕ್ಕದಲ್ಲಿರುತ್ತಾಳೆಂಬುದು ಆ ಲೆಕ್ಕದಲ್ಲಿ ಇರಲೇ ಇಲ್ಲ.

"ಬನ್ನಿ ಬನ್ನಿ, ಕಾಫಿ ಆರೋಗುತ್ತೆ," ಎಂದಳು ಯಾರ್ಮಿಲಾ. ಕೂದಲಿಗೆ ಹೊಸದಾಗಿ ಬಣ್ಣ ಹಾಕಿಸಿದ್ದಳು. ಗಾಜಿನ ಲೋಟಗಳ ತಳದಲ್ಲಿ ಕಾಫಿಪುಡಿ ಇನ್ನೂ ಇಳಿಯುತ್ತಿತ್ತು. ಮಧ್ಯೆ ಸಕ್ಕರೆಪುಡಿ ಉದುರಿಸಿದ ಬಾಬೊವ್ಕಾ ಕೇಕು. "ಕಿವಿ ಸಾಹೇಬ್ರೇ, ಯಾಕೆ ಹೀಗೆ ಬಿಳಿಚ್ಕೊಂಡಿದೀರಾ? ಮೆಟ್ಲು ಹತ್ತಿ ಸುಸ್ತಾದೋರು ಅವ್ರು, ಮುಖ ಬಾಡಿರೋದು ನಿಮ್ದು."

"ಅವನಿಗೆ ವಯಸ್ಸಾಯ್ತು ಬಿಡಿ," ಎಂದ ಹಿನೆಕ್.

"ನಿಮಗಾಗಿಲ್ವೇನು? ಮೊದಲ್ನೇ ಸಲ ಬಂದಾಗ ನಿಮ್ಮ ತಲೇಲಿ ಕೂದ್ಲಿತ್ತು."

"ಯಾರ್ಮಿಲಾ ಅವ್ರೇ, ಅದನ್ನ ಸಿನಿಮಾದಲ್ಲಿ ಹಾಕಿಲ್ಲ, ಚಿಂತಿಸ್ಬೇಡಿ."

ರಾದೊವಾನ್ ತಾನು ತಂದ ಪುಟ್ಟ ಸ್ಪೀಕರನ್ನು ಟಿ.ವಿ.ಯ ಪಕ್ಕ ಇಟ್ಟು, ವೈರು ಸಿಕ್ಕಿಸಿ, ಅದರ ಬಳಿಯ ಮುಕ್ಕಾಲಿಯ ಮೇಲೆ ಕುಳಿತ. ಅವನು ಯಾವಾಗಲೂ ಹಾಗೆಯೇ: ಪರದೆಗೆ ಓರೆಯಾಗಿ, ಕಣ್ಣು ಮುಚ್ಚಿ. ಚಿತ್ರ ಅವನಿಗೆ ಕಿವಿಯಲ್ಲೇ ನಡೆಯುತ್ತಿತ್ತು.

ತಾಯಿ ಮಗಳು ಸೋಫಾದಲ್ಲಿ ಒಂದೇ ಕಂಬಳಿ ಹೊದ್ದು ಕುಳಿತರು. ಚಿತ್ರ ಶುರುವಾಯಿತು. ಕುಡಿದು ತೊದಲುವ ಹಳೆಯ ಯಾರ್ಮಿಲಾ ಬಂದಾಗ ಈಗಿನವಳು, "ಅಯ್ಯೋ ದೇವರೇ, ಆ ನಾಲಿಗೆ ನೋಡು," ಎಂದಳು. ಎಂಟು ವರ್ಷದ ಸಿಮೋನಾ ಚೀಲ ಹೊತ್ತು ಕಾರು ಹತ್ತಿದಳು. ಕಂಬಳಿಯೊಳಗೆ ಕೈಗೆ ಕೈ ಸೇರಿದ ಸದ್ದು ರಾದೊವಾನನಿಗೆ ಕೇಳಿತು. ಅವನು ನಿಮಿಷಗಳನ್ನು ಎಣಿಸುತ್ತಿದ್ದ. ನಲವತ್ತು. ಐವತ್ತೆರಡು. ಕೋರ್ಟಿನ ಮೊಗಸಾಲೆ. ಲಾಂಡ್ರಿಯ ಯಂತ್ರಗಳ ಗುಡುಗು. ಬಿಳಿ ಹಾಸುಗಳು ಬಿಸಿ ಉರುಳೆಯ ಕೆಳಗೆ ಹೋಗಿ ಸುಕ್ಕಿಲ್ಲದೆ ಹೊರಬರುವ ದೃಶ್ಯ. ಅದರ ಮೇಲೆ ಆ ದನಿ ಬರಬೇಕು.

ಅರವತ್ತೊಂದನೆಯ ನಿಮಿಷದಲ್ಲಿ ಅವನು ವೈರು ಕಿತ್ತ.

ಕೋಣೆ ದಿಢೀರನೆ ಖಾಲಿಯಾಯಿತು; ಚಿತ್ರ ಸದ್ದಿಲ್ಲದೆ ಓಡುತ್ತಿತ್ತು. ಅಡುಗೆಮನೆಯ ಫ್ರಿಜ್ಜಿನ ಗುಂಯ್‌ಗುಡುವಿಕೆ ಮಾತ್ರ. "ಏನಾಯ್ತೋ ಮಾರಾಯ?" ಎಂದ ಹಿನೆಕ್. "ವೈರು ಸಡಿಲ. ಒಂದ್ನಿಮಿಷ," ಎಂದ ರಾದೊವಾನ್ ಸ್ಪೀಕರಿನ ಬೆನ್ನು ತಡಕುವಂತೆ ನಟಿಸುತ್ತ ನಲವತ್ತರವರೆಗೆ ಎಣಿಸಿದ. "ಅದಕ್ಕೂ ವಯಸ್ಸಾಯ್ತೇನೋ," ಎಂದಳು ಯಾರ್ಮಿಲಾ. ನಲವತ್ತು. ಅವನು ವೈರು ಸಿಕ್ಕಿಸಿ ಕಣ್ಣು ತೆರೆದ.

ಸಿಮೋನಾ ಮುಂದಕ್ಕೆ ಬಾಗಿ ಕುಳಿತಿದ್ದಳು. ಅವಳ ತುಟಿಗಳು ಓದುವವರ ತುಟಿಗಳಂತೆ ಸಣ್ಣಗೆ ಅಲುಗಿ, ನಿಂತವು. ಅವನು ಪರದೆಯತ್ತ ತಿರುಗಿದ. ಹಾಸುಗಳ ಕೆಳಗೆ ಬಿಳಿಯ ಇಂಗ್ಲಿಷ್ ಅಕ್ಷರಗಳ ಕೊನೆಯ ಸಾಲು ಮಾಯವಾಗುತ್ತಿತ್ತು. ಹಿನೆಕ್ ತಂದದ್ದು ಉತ್ಸವಕ್ಕೆಂದು ಸಬ್‌ಟೈಟಲ್ ಹಾಕಿದ ಪ್ರತಿ. ನಾಲ್ಕು ತಿಂಗಳು ಈ ಚಿತ್ರದ ಮೇಲೆ ದುಡಿದ ರಾದೊವಾನ್ ಅದನ್ನು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ. ಯಾರ್ಮಿಲಾ ಶಾಲೆಯಲ್ಲಿ ಕಲಿತದ್ದು ರಷ್ಯನ್, ಅವಳಿಗೆ ಇಂಗ್ಲಿಷ್ ಬಾರದು. ಹೋಟೆಲಿಗೆ ಬರುವ ವಿದೇಶಿಯರೊಂದಿಗೆ ದಿನವಿಡೀ ಇಂಗ್ಲಿಷ್ ಮಾತಾಡುವವಳು ಮಗಳು.

ಕೋಣೆಯಲ್ಲಿದ್ದ ನಾಲ್ವರಲ್ಲಿ ಆ ಮಾತು ಚಿತ್ರದಲ್ಲಿದೆಯೆಂದು ತಿಳಿಯದವಳು ಈಗ ಅದನ್ನು ಹೇಳಿದವಳೊಬ್ಬಳೇ.

ಉಳಿದ ಚಿತ್ರದಲ್ಲಿ ಯಾರ್ಮಿಲಾ ಎರಡು ಸಲ ನಕ್ಕಳು, ಒಂದು ಸಲ ಕಣ್ಣೊರೆಸಿಕೊಂಡಳು. ಮುಗಿದಾಗ ಕೇಳಿದ್ದು ಒಂದೇ ಪ್ರಶ್ನೆ: "ನಿಜ ಹೇಳಿ, ನಾನು ಅಷ್ಟು ದಪ್ಪ ಇದೀನಾ?"

"ಕ್ಯಾಮೆರಾ ಐದು ಕಿಲೋ ಸೇರ್ಸುತ್ತೆ," ಎಂದ ಹಿನೆಕ್, ಚೀಲದಿಂದ ಕಾಗದ ತೆಗೆಯುತ್ತ. "ಏನಾದ್ರೂ ಬೇಡ ಅನ್ಸಿದ್ರೆ ಈಗ್ಲೇ ಹೇಳಿ. ನಿಮ್ಮ ಬದುಕು, ನಿಮ್ಮ ಮಾತೇ ಕೊನೇದು."

"ಬೇಡ ಅನ್ನೋಕೆ ಏನಿದೆ? ಎಲ್ಲಾ ನಡೆದಿದ್ದೇ ತಾನೆ." ಅವಳು ಕನ್ನಡಕ ಹುಡುಕಿದಳು.

"ಅಮ್ಮ," ಎಂದಳು ಸಿಮೋನಾ. ದನಿ ತೀರ ಸಪಾಟಾಗಿತ್ತು. ರಾದೊವಾನನಿಗೆ ಅಂಥ ದನಿಯ ಅರ್ಥ ಗೊತ್ತಿತ್ತು. "ಆಶ್ರಮದಲ್ಲಿ ಮೊದಲ್ನೇ ತಿಂಗಳು ನೀನು ಯಾಕೆ ನೋಡೋಕೆ ಬರ್ಲಿಲ್ಲ?"

"ಅದೇನು ಈಗ ಹೊಸದಾಗಿ ಕೇಳ್ತೀಯ? ಫೋನಲ್ಲಿ ಆವಾಗ್ಲೇ ಹೇಳಿದ್ನಲ್ಲ. ಆ ಆಶ್ರಮದ ಮೇಡಂ ಒಳಗೆ ಬಿಡ್ಲಿಲ್ಲ. ಗೇಟಿನ ತನಕ ಬಂದು ವಾಪಸ್ ಹೋಗಿದೀನಿ, ಎರಡು ಸಲ." ಯಾರ್ಮಿಲಾ ಕನ್ನಡಕ ಏರಿಸಿ, ಪೆನ್ನಿನ ಮುಚ್ಚಳ ತೆಗೆದಳು.

ಸಿಮೋನಾ ತಲೆಯಾಡಿಸಿದಳು. ಪ್ರತಿಸಲದಂತೆ ನಂಬಿದವಳ ಹಾಗೆಯೇ ತಲೆಯಾಡಿಸಿದಳು. ಅದನ್ನು ನೋಡಿ ರಾದೊವಾನನಿಗೆ ಮುಕ್ಕಾಲಿಯ ಮೇಲೆ ಕುಳಿತಿರಲಾಗಲಿಲ್ಲ.

"ಸಹಿ ಹಾಕ್ಬೇಡಿ," ಎಂದ.

ಮೂವರೂ ತಿರುಗಿ ನೋಡಿದರು.

"ವೈರು ಸಡಿಲ ಇರ್ಲಿಲ್ಲ. ನಾನೇ ಕಿತ್ತಿದ್ದು. ಅಲ್ಲಿ ನಿಮ್ಮ ಮಾತಿದೆ. ಫೆಬ್ರವರೀಲಿ ನಿಮ್ಮಕ್ಕನ ಹತ್ರ ಬಾಗಿಲಲ್ಲಿ ನಿಂತು ಆಡಿದ್ದು. ಮೈಕು ಗೂಟದಲ್ಲಿತ್ತು, ಸ್ವೆಟರಲ್ಲಿ. ನಿಮಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು."

"ಮೈಮೇಲಿತ್ತು ಅಂದಿದ್ಯಲ್ಲೋ," ಎಂದ ಹಿನೆಕ್ ಮೆಲ್ಲಗೆ.

"ಇರ್ಲಿಲ್ಲ."

ಯಾರ್ಮಿಲಾ ಪೆನ್ನು ಹಿಡಿದೇ ಇದ್ದಳು. ಯಾವ ಮಾತೆಂದು ಅವಳು ಕೇಳಲಿಲ್ಲ. ನೋಡುನೋಡುತ್ತಿದ್ದಂತೆ ಅವಳ ಮುಖ ಕುತ್ತಿಗೆಯವರೆಗೂ ಕೆಂಪಾಯಿತು. "ಅದನ್ನ ಹಾಕಿ, ಕೇಳ್ತೀನಿ," ಎಂದಳು.

"ಯಾರ್ಮಿಲಾ ಅವ್ರೇ, ಬೇಕಾಗಿಲ್ಲ," ಎಂದ ಹಿನೆಕ್. "ಅದನ್ನ ತೆಗೆದ್ಬಿಡ್ತೀವಿ."

"ಇವಳ ಮುಖ ನೋಡಿದ್ರಾ? ಇವಳಿಗೆ ಆಗ್ಲೇ ಗೊತ್ತಾಗಿದೆ. ಹೇಗೋ ನಾ ಕಾಣೆ. ಹಾಕಿ."

ರಾದೊವಾನ್ ಹಿಂದಕ್ಕೆ ಓಡಿಸಿ ನಿಲ್ಲಿಸಿದ. ಈ ಸಲ ಕಣ್ಣು ಮುಚ್ಚಲಿಲ್ಲ. ಬಿಳಿ ಹಾಸುಗಳು ಉರುಳೆಯ ಕೆಳಗೆ ಸರಿದವು. ಸ್ಪೀಕರಿನಿಂದ ಅವಳದೇ ದನಿ, ಪ್ರತಿ ಉಸಿರೂ ತೊಳೆದಿಟ್ಟಷ್ಟು ಸ್ಪಷ್ಟವಾಗಿ:

"ಆ ಮೇಡಂ ಒಳ್ಳೆಯೋಳು ಕಣೇ ಬ್ಲಾಂಕಾ. ಯಾವತ್ತು ಬೇಕಾದ್ರೂ ಬನ್ನಿ ಅಂದಿದ್ಲು. ನಾನೇ ಹೋಗ್ಲಿಲ್ಲ. ಅವಳನ್ನ ಕರ್ಕೊಂಡು ಹೋದ ದಿನ ಹನ್ನೆರಡು ಗಂಟೆ ಮಲಗಿದ್ದೆ, ಎದ್ದಾಗ ಮೈಯೆಲ್ಲ ಹಗುರ. ಒಂದು ತಿಂಗಳು ಅವಳ ನೆನಪೇ ಬರ್ಲಿಲ್ಲ. ಆಮೇಲೆ ಒಂದಿನ ಬಂತು, ಅಷ್ಟೇ. ಇದನ್ನ ಹೇಗೆ ಹೇಳೋದು ಅವಳಿಗೆ?"

ಯಂತ್ರಗಳ ಗುಡುಗು ಮರಳಿ ಬಂತು. ರಾದೊವಾನ್ ನಿಲ್ಲಿಸಿದ.

ಯಾರ್ಮಿಲಾ ಪೆನ್ನಿಗೆ ಮುಚ್ಚಳ ಹಾಕಿದಳು. ಮಗಳನ್ನಲ್ಲ, ಅವನನ್ನು ನೋಡಿ ಕೇಳಿದಳು. "ಆವಾಗ ನೀವೆಲ್ಲಿದ್ರಿ?"

"ಕೆಳಗೆ. ವ್ಯಾನಲ್ಲಿ."

"ಅವತ್ತು ಎಂಥಾ ಚಳಿ ಇತ್ತು," ಎಂದಳು. "ಮೇಲೆ ಬರ್ಬಾರ್ದಿತ್ತಾ. ಸೂಪು ಬಿಸಿ ಇತ್ತು."

ಬೈದಿದ್ದರೆ, ಬಾಗಿಲು ತೋರಿಸಿದ್ದರೆ ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಅವನ ಕೈಗಳು ತಾವಾಗಿಯೇ ವೈರನ್ನು ಸುರುಳಿ ಸುತ್ತತೊಡಗಿದ್ದವು, ನಿಲ್ಲಿಸಿದ.

"ನಾನು ಆ ಮೇಡಂ ಕೈ ಕಚ್ಚಿದ್ದೆ," ಎಂದಳು ಸಿಮೋನಾ, ಯಾರಿಗೆಂದಿಲ್ಲದೆ. "ರಕ್ತ ಬರೋ ಹಾಗೆ. ನಮ್ಮಮ್ಮನ್ನ ಒಳಗೆ ಬಿಡಲ್ವಾ ನೀನು ಅಂತ. ಅವ್ರು ಹಾಗಲ್ಲ ಪುಟ್ಟಿ ಅಂತ ಕೂಡ ಅನ್ಲಿಲ್ಲ. ಕೈಗೆ ಬಟ್ಟೆ ಸುತ್ಕೊಂಡು ಬಂದು ನಂಗೆ ಊಟ ಬಡಿಸಿದ್ರು."

ಅವಳು ಕಂಬಳಿ ಸರಿಸಿ ಎದ್ದು, ಬಾಲ್ಕನಿಯ ಬಾಗಿಲು ತೆರೆದು ಹೊರಗೆ ಹೋದಳು. ಒಳಗೆ ಬಂದ ಚಳಿಗಾಳಿಗೆ ಮೇಜಿನ ಮೇಲಿನ ಕಾಗದ ಅಲುಗಿ ನೆಲಕ್ಕೆ ಬಿತ್ತು. ಹಿನೆಕ್ ಅದನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

ಯಾರ್ಮಿಲಾ ಸೋಫಾದ ಕೈ ಹಿಡಿದು ಎದ್ದಳು. ಬಾಗಿಲ ಬಳಿ ಒಂದು ಗಳಿಗೆ ನಿಂತಳು. ಆಮೇಲೆ ತಾನೂ ಹೊರಗೆ ಹೋಗಿ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡಳು.

ಎರಡು ಪದರದ ಗಾಜು. ಒಂದು ಅಕ್ಷರವೂ ಒಳಗೆ ಬರಲಿಲ್ಲ. ಇಬ್ಬರ ಬೆನ್ನಷ್ಟೇ ಕಾಣುತ್ತಿತ್ತು, ಅದರಾಚೆ ಎದುರುಕಟ್ಟಡದ ಸಾಲುಸಾಲು ಕಿಟಕಿಗಳು. ತಾಯಿಯ ತಲೆಯ ಪಕ್ಕದಿಂದ ಮಾತಿನ ಹಬೆ ಎದ್ದು ಚದುರಿತು. ಮತ್ತೆ ಎದ್ದಿತು, ಮತ್ತೆ. ಮಗಳ ಕಡೆಯಿಂದ ಏನೂ ಇರಲಿಲ್ಲ, ಉಸಿರು ಬಿಗಿಹಿಡಿದವರ ಹಾಗೆ. ರಾದೊವಾನ್ ಮುಖ ತಿರುಗಿಸಬೇಕೆಂದುಕೊಂಡ. ಅಷ್ಟರಲ್ಲಿ ಅವಳ ಕಡೆಯಿಂದಲೂ ಸಣ್ಣದೊಂದು ಬಿಳಿ ಹಬೆ ಹೊರಟು, ಕಂಬಿಯ ಮೇಲೆ ತಡೆದು ನಿಂತು, ಕರಗಿತು.