ಮನೆತನದ ಕಿವುಡು

ನನ್ನ ತಂಗಿಗೆ ಕಿವಿ ಮಂದ ಎಂದು ಬರೆದುಕೊಟ್ಟ ಡಾಕ್ಟರನ್ನು ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಪಕ್ಕದ ಮನೆಯ ಒಲೆಯ ಮೇಲೆ ಹಾಲು ಉಕ್ಕಿದರೆ ನಮ್ಮ ಮನೆಯಿಂದಲೇ ಕೂಗಿ ಎಚ್ಚರಿಸುವ ಹುಡುಗಿ ಅವಳು.

ಆಂಬುಲೆನ್ಸ್ ಕಚೇರಿಯಲ್ಲಿ ಫೋನ್ ಎತ್ತುವ ಕೆಲಸ ಅವಳಿಗೆ ಸಿಕ್ಕಂತೆಯೇ ಆಗಿತ್ತು. ಉಳಿದಿದ್ದು ಕಿವಿಯ ಪರೀಕ್ಷೆಯೊಂದೇ. ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಮೊದಲು ಬರೀ ಕುಂಯ್ ಎನ್ನುವ ಸದ್ದು ಕೇಳಿಸಿದರು. ಎಲ್ಲಕ್ಕೂ ಗುಂಡಿ ಒತ್ತಿದಳು. ಆಮೇಲೆ ಕಚೇರಿಯ ಭಾಷೆಯ ಪದಗಳು. ಒಂದೊಂದು ಪದಕ್ಕೂ ಎರಡು ಚಿತ್ರ, ಅವುಗಳ ಹೆಸರಿನಲ್ಲಿ ಒಂದು ಸ್ವರದಷ್ಟೇ ವ್ಯತ್ಯಾಸ, ಸರಿಯಾದದ್ದನ್ನು ಮುಟ್ಟಬೇಕು. ಅಲ್ಲಿ ಮುಗ್ಗರಿಸಿದಳು.

ಮುಗ್ಗರಿಸದೆ ಇನ್ನೇನು? ಆ ಭಾಷೆಯಲ್ಲಿ ಬೇರೆ ಬೇರೆಯಾಗಿರುವ ಎರಡು ಸ್ವರಗಳಿಗೆ ನಮ್ಮ ಕಡೆಯ ಮಾತಿನಲ್ಲಿ ಇರುವುದು ಒಂದೇ. ತೊಟ್ಟಿಲಿನಿಂದ ಒಂದೆಂದೇ ಕೇಳಿ ಬೆಳೆದ ಕಿವಿ ಅದು. ನದಿಯಾಚೆಯವರದೂ ನಮ್ಮದೇ ಭಾಷೆ, ಆದರೆ ಅವರ ಮಾತಿನಲ್ಲಿ ಎರಡೂ ಇವೆ. ಅವತ್ತೇ ಬಂದಿದ್ದ ಆ ಕಡೆಯ ಹುಡುಗಿ ಸಲೀಸಾಗಿ ಪಾಸಾದಳು. ಜೊತೆಗೆ ಹೋಗಿದ್ದ ನಾನು ಇದನ್ನೆಲ್ಲ ಬಿಡಿಸಿ ಹೇಳಿದರೆ ಡಾಕ್ಟರು ಗೋಡೆಯ ಮೇಲಿನ ಕಿವಿಯ ಚಿತ್ರ ತೋರಿಸಿದರು. ತಂಗಿಯ ಜೊತೆ ಆಗಲೇ ಕೂಗಿ ಮಾತಾಡತೊಡಗಿದ್ದರು.

ನನಗೆ ಪಿತ್ತ ನೆತ್ತಿಗೇರಿತು. ಹಾಗಾದರೆ ನನ್ನನ್ನೂ ಪರೀಕ್ಷೆ ಮಾಡಿ ಎಂದು ಪಟ್ಟು ಹಿಡಿದು ಕೂತೆ. ಅವೇ ಪದಗಳು, ಅವೇ ತಪ್ಪುಗಳು. ಇನ್ನಾದರೂ ಇವರಿಗೆ ತಲೆಗೆ ಹೋದೀತು ಅಂದುಕೊಂಡೆ. ಡಾಕ್ಟರು ಕನಿಕರದಿಂದ ನೋಡಿ, ನನಗೂ ಕೂಗಿಯೇ ಹೇಳಿದರು.

"ನೋಡಮ್ಮ, ಇದು ನಿಮ್ಮ ವಂಶದಲ್ಲೇ ಇದೆ. ನಿಮ್ಮ ತಾಯೀನೂ ಒಂದ್ಸಲ ಕರ್ಕೊಂಡ್ ಬನ್ನಿ."

ಕಿವಿಗೆ ಮಿಷಿನ್ ಹಾಕಿಸಿಕೊಂಡು ಮತ್ತೆ ಪರೀಕ್ಷೆಗೆ ಬಂದು ಪಾಸಾದರೆ ಕೆಲಸ ಗ್ಯಾರಂಟಿ ಎಂದರು. ನಾನು ಸುತಾರಾಂ ಬೇಡವೆಂದೆ. ತಂಗಿ ಒಪ್ಪಿದಳು, ಅವಳಿಗೆ ಕೆಲಸ ಬೇಕಿತ್ತು. ನನ್ನ ಹೊಟ್ಟೆ ಉರಿಸಿದ್ದು ಅದಲ್ಲ. ತನ್ನ ಕಿವಿಯ ಮೇಲೆ ಅವಳಿಗೇ ಅನುಮಾನ ಹತ್ತಿತ್ತು. ಊಟಕ್ಕೆ ಕರೆದರೂ ಏನಂದೆ, ಏನಂದೆ ಎಂದು ಕೇಳುತ್ತಿದ್ದಳು. ಅಮ್ಮನಂತೂ ಅವಳ ಮುಖಕ್ಕೆ ಮುಖವಿಟ್ಟು ಕಿರುಚತೊಡಗಿದ್ದಳು.

ಎರಡನೇ ಪರೀಕ್ಷೆ ಮುಗಿಸಿ ಹೊರಗೆ ಬಂದವಳು ಮಿಷಿನ್ ಕಿತ್ತು ನನ್ನ ಅಂಗೈಗೆ ಹಾಕಿದಳು. ಇಷ್ಟು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಸಿಟ್ಟು ಕಂಡಿತು.

"ಅಕ್ಕಾ, ಆ ಎರಡು ಸ್ವರಾನೂ ಒಂದೇ ಥರಾನೇ ಕೇಳ್ಸಿದ್ದು. ಮೊದಲಿಗಿಂತ ಜೋರಾಗಿ, ಅಷ್ಟೇ."